ಎಲೆ ಮಗುಚಿ ಫೋಟೊ ತೆಗೆಯಿರಿ: ಕ್ಯಾಮೆರಾ ಮತ್ತು ಎಐ ಹುಡುಕಾಟಕ್ಕೆ ಕಾಫಿ ಸೀಮೆಯ ಮಾರ್ಗದರ್ಶಿ

ಹಳದಿಯಾದ ಕಾಫಿ ಎಲೆಯ ಫೋಟೊ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಬಹಳ ಸಲ ಅದು 'ಕಾಫಿ ಗಿಡ' ಎಂದು ಹೇಳಿ ಸುಮ್ಮನಾಗುತ್ತದೆ. ಅಷ್ಟು ತೋಟದವರಿಗೆ ಗೊತ್ತೇ ಇತ್ತು. ಅದೇ ಎಲೆಯನ್ನು ಮಗುಚಿ, ಅಡಿಭಾಗದ ಕಿತ್ತಳೆ ಪುಡಿ ಕಾಣುವ ಹಾಗೆ ಹತ್ತಿರದಿಂದ ತೆಗೆದು, ಜೊತೆಗೆ ನಾಲ್ಕು ಪದ ಬರೆದು ನೋಡಿ. ಎಲೆ ತುಕ್ಕು ರೋಗದ ಪುಟಗಳು ಸಾಲಾಗಿ ಬರತೊಡಗುತ್ತವೆ. ಫೋನೂ ಅದೇ, ಆ್ಯಪೂ ಅದೇ.

ಗೂಗಲ್ 2001ರಲ್ಲಿ ಚಿತ್ರ ಹುಡುಕುವ ಸೌಲಭ್ಯ ತಂದಾಗ ಪದ ಕೊಟ್ಟು ಚಿತ್ರ ಪಡೆಯಬೇಕಿತ್ತು. ಚಿತ್ರ ಕೊಟ್ಟು ಹುಡುಕುವುದು 2011ರಲ್ಲಿ ಬಂತು, ಲೆನ್ಸ್ 2017ರಲ್ಲಿ. ಚಿತ್ರ ಮತ್ತು ಪದ ಎರಡನ್ನೂ ಒಟ್ಟಿಗೆ ಕೊಡುವ ಮಲ್ಟಿಸರ್ಚ್ 2022ರದು. ಪರದೆಯ ಮೇಲೆ ಬೆರಳಿನಿಂದ ಸುತ್ತು ಹಾಕಿ ಹುಡುಕುವ 'ಸರ್ಕಲ್ ಟು ಸರ್ಚ್' 2024ರ ಜನವರಿಯಲ್ಲಿ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಶುರುವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಭಾರತದ ಹುಡುಕಾಟದ ಪುಟಗಳ ನೆತ್ತಿಯ ಮೇಲೆ ಎಐ ಸಾರಾಂಶ ಕೂತಿತು. 2025ರಲ್ಲಿ, ಮಾತಾಡಿದ ಹಾಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಎಐ ಮೋಡ್ ಬಂದು, ಕನ್ನಡದಲ್ಲೂ ಕೇಳಬಹುದಾಯಿತು.

ಮೊದಲು ಹತ್ತು ಕೊಂಡಿ ಬರುತ್ತಿದ್ದವು, ಆರಿಸುವವರು ನಾವಾಗಿದ್ದೆವು. ಈಗ ಯಂತ್ರವೇ ಕೆಲವು ಪುಟ ಓದಿ, ಹೊಲಿದು, ಒಂದು ಉತ್ತರ ಕೊಡುತ್ತದೆ. ಆ ಪುಟಗಳು ಎಲ್ಲಿಯವು ಅನ್ನುವುದೇ ನಮ್ಮ ಸೀಮೆಯ ತೊಂದರೆ. ಕಾಫಿಯ ಬಗ್ಗೆ ಜಾಲದಲ್ಲಿ ಇರುವುದರಲ್ಲಿ ದೊಡ್ಡ ಪಾಲು ಬ್ರೆಜಿಲ್, ಕೊಲಂಬಿಯಾ, ಆಫ್ರಿಕಾದ್ದು. ಕಳಸದ ತೋಟಕ್ಕೆ ಬೇಕಾದ್ದು ಅದರಲ್ಲಿ ಚೂರುಪಾರು. ಹಾಗಾಗಿ ಮುಂದಿನ ಹಂತಗಳಲ್ಲಿ ಅರ್ಧ ಸರಿಯಾಗಿ ಕೇಳುವುದಕ್ಕೆ, ಇನ್ನರ್ಧ ಬಂದದ್ದನ್ನು ಜರಡಿ ಹಿಡಿಯುವುದಕ್ಕೆ.

ಫೋಟೊ: ಇಲ್ಲಿ ಅವಸರ ಬೇಡ

ಲೆನ್ಸ್ ಚಿತ್ರವನ್ನು ಅಂಕಿಗಳ ಒಂದು ಉದ್ದ ಸಾಲಾಗಿ ಮಾಡಿಕೊಂಡು, ತನ್ನಲ್ಲಿರುವ ಚಿತ್ರಗಳಲ್ಲಿ ಅದಕ್ಕೆ ತೀರ ಹತ್ತಿರದವು ಯಾವುವು ಎಂದು ನೋಡುತ್ತದೆ. ಚೌಕಟ್ಟಿನ ತುಂಬ ಹಸಿರು ಎಲೆಯಿದ್ದು, ಚುಕ್ಕೆ ಒಂದು ಮೂಲೆಯಲ್ಲಿದ್ದರೆ ಅದಕ್ಕೆ ಎಲೆಯೇ ಮುಖ್ಯ. ಆದ್ದರಿಂದ:

1. ಕ್ಯಾಮೆರಾ ಗಾಜು ಒರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇಬಿನಿಂದ ತೆಗೆದ ಫೋನಿನ ಗಾಜಿಗೆ ಮಂಜು ಹಿಡಿದಿರುತ್ತದೆ. ಫೋಟೊ ಮಬ್ಬಾದರೆ ರೋಗದ ಪುಡಿಯೂ ನೀರಿನ ಹನಿಯೂ ಒಂದೇ ಥರ ಕಾಣುತ್ತವೆ.

2. ಮೂರು ಫೋಟೊ ಬೇಕು: ಇಡೀ ಗಿಡ, ಒಂದು ರೆಕ್ಕೆ (ಪಕ್ಕದ ರೆಂಬೆ), ಎಲೆಯ ಅಡಿಭಾಗ. ಅಡಿಭಾಗದ್ದನ್ನು 15ರಿಂದ 20 ಸೆಂ.ಮೀ. ದೂರದಿಂದ ತೆಗೆಯಿರಿ. ತೀರ ಹತ್ತಿರ ಹಿಡಿದರೆ ಸಾಧಾರಣ ಫೋನ್ ಫೋಕಸ್ ಆಗುವುದಿಲ್ಲ. ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದೇ ಮೇಲು.

3. ಎಲೆಯ ಹಿಂದೆ ಬಿಳಿ ಕಾಗದ ಹಿಡಿಯಿರಿ. ಫ್ಲಾಶ್ ಬೇಡ, ಒದ್ದೆ ಎಲೆ ಹೊಳೆದು ಬಣ್ಣ ಸುಳ್ಳಾಗುತ್ತದೆ. ಮರದ ನೆರಳಿನ ಮಚ್ಚೆ ಬೀಳದ ಜಾಗ ನೋಡಿಕೊಳ್ಳಿ.

4. ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಅಲ್ಲೇ ಹೆಣಗಬೇಡಿ. ಫೋಟೊ ತೆಗೆದಿಟ್ಟು ಮನೆಗೆ ಬಂದು ಗೂಗಲ್ ಆ್ಯಪ್‌ನ ಹುಡುಕು ಪಟ್ಟಿಯ ಬಲಗಡೆಯ ಕ್ಯಾಮೆರಾ ಗುರುತು ಒತ್ತಿ, ಗ್ಯಾಲರಿಯಿಂದ ಆರಿಸಿ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಮೊದಲು ಹಾಳಾಗುವುದೇ ಸಣ್ಣ ಚುಕ್ಕೆಗಳು.

5. ಚಿತ್ರದ ಮೇಲೆ ಬರುವ ಚೌಕದ ಮೂಲೆಗಳನ್ನು ಎಳೆದು, ರೋಗ ತಗುಲಿದ ಭಾಗ ಮಾತ್ರ ಒಳಗಿರುವ ಹಾಗೆ ಮಾಡಿ. ಎಲ್ಲರೂ ಬಿಡುವ ಹಂತ ಇದು, ಫಲಿತಾಂಶ ಬದಲಾಗುವುದೂ ಇಲ್ಲೇ.

6. ಕೆಳಗಿನ ಜಾಗದಲ್ಲಿ ಪದ ಸೇರಿಸಿ: 'ಅರೇಬಿಕಾ ಕಾಫಿ ಎಲೆ ಅಡಿಭಾಗ ಕಿತ್ತಳೆ ಪುಡಿ'. ಇದನ್ನೇ ಇಂಗ್ಲಿಷಿನಲ್ಲಿ, ಇಂಡಿಯಾ ಎಂಬ ಪದ ಸೇರಿಸಿ ಇನ್ನೊಮ್ಮೆ ಕೇಳಿ. ಕನ್ನಡದಲ್ಲಿ ಪತ್ರಿಕೆಯ ಸುದ್ದಿ ಹೆಚ್ಚು ಸಿಗುತ್ತದೆ, ಇಂಗ್ಲಿಷಿನಲ್ಲಿ ಸಂಶೋಧನೆಯ ಪುಟ.

7. ಇನ್ನೊಂದು ಫೋಟೊ ಕೊಟ್ಟು ಮತ್ತೆ ನೋಡಿ. ಎರಡಕ್ಕೂ ಬೇರೆ ಬೇರೆ ಹೆಸರು ಬಂದರೆ ಎರಡನ್ನೂ ನಂಬಬೇಡಿ.

ಹಾಸನದ ಆಲೂಗಡ್ಡೆಗೂ ಇದೇ ಕ್ರಮ, ಒಂದೇ ವ್ಯತ್ಯಾಸ. ಅಂಗಮಾರಿಯ ಬಿಳಿ ಬೂಷ್ಟು ಎಲೆಯ ಅಡಿಯಲ್ಲಿ, ಚುಕ್ಕೆಯ ಅಂಚಿನಲ್ಲಿ, ಇಬ್ಬನಿ ಆರುವ ಮೊದಲು ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ತೆಗೆದ ಫೋಟೊದಲ್ಲಿ ಬರೀ ಕಂದು ಒಣ ಚುಕ್ಕೆ ಇರುತ್ತದೆ, ಅದಕ್ಕೆ ಲೆನ್ಸ್ ಯಾವ ರೋಗದ ಹೆಸರನ್ನಾದರೂ ಅಂಟಿಸಬಹುದು.

ಬಂದ ಹೆಸರನ್ನು ಅಳೆಯುವುದು

ಮೇಲೆ ದಪ್ಪ ಅಕ್ಷರದಲ್ಲಿ ಬಂದ ಹೆಸರನ್ನು ಬಿಟ್ಟು ಕೆಳಗಿನ ಚಿತ್ರಗಳನ್ನು ನೋಡಿ. ಕನಿಷ್ಠ ಮೂರು ಪುಟ ತೆರೆಯಿರಿ. ಚಿತ್ರದಲ್ಲಿರುವುದು ಕಾಫಿ ಎಲೆಯೇ, ಪೇರಲೆ ಎಲೆಯೇ? ಪುಟ ಯಾವ ದೇಶದ್ದು?

ಯಂತ್ರ ಗೊಂದಲ ಮಾಡಿಕೊಳ್ಳುವ ಜೋಡಿಗಳು ಕೆಲವಿವೆ. ತುಕ್ಕು ರೋಗದಲ್ಲಿ ಮೇಲೆ ಹಳದಿ ಮಚ್ಚೆ, ಅಡಿಯಲ್ಲಿ ಬೆರಳಿಗೆ ಹತ್ತುವ ಪುಡಿ. ಮೆಗ್ನೀಸಿಯಂ ಕೊರತೆಯಲ್ಲಿ ಹಳೆಯ ಎಲೆಗಳ ನರದ ನಡುವೆ ಹಳದಿ, ಪುಡಿಯಿಲ್ಲ. ಕಬ್ಬಿಣದ ಕೊರತೆಯಾದರೆ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮೇಲಿನಿಂದ ತೆಗೆದ ಫೋಟೊದಲ್ಲಿ ಮೂರೂ ಹಳದಿಯೇ. ಬೆರಳಿನಿಂದ ಒರೆಸಿ ನೋಡುವ ಪರೀಕ್ಷೆಯನ್ನು ಯಾವ ಕ್ಯಾಮೆರಾವೂ ಮಾಡಿಕೊಡುವುದಿಲ್ಲ. ನೀವು ಒರೆಸಿ ನೋಡಿ, 'ಪುಡಿ ಕೈಗೆ ಹತ್ತುತ್ತದೆ' ಎಂದು ಪ್ರಶ್ನೆಯಲ್ಲಿ ಬರೆಯಿರಿ.

ಬಿಳಿ ಕಾಂಡ ಕೊರಕದ ವಿಷಯದಲ್ಲಿ ಇನ್ನೊಂದು ಬಲೆ. ನಮ್ಮಲ್ಲಿ ಅರೇಬಿಕಾ ಕಾಂಡ ಕೊರೆಯುವ ದುಂಬಿ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಆಫ್ರಿಕಾದಲ್ಲೂ ಕಾಫಿಯ ಬಿಳಿ ಕಾಂಡ ಕೊರಕ ಎಂದೇ ಕರೆಯುವ ಕೀಟವಿದೆ, ಅದು ಮೊನೊಕಾಮಸ್ ಜಾತಿಯ ಬೇರೆಯೇ ದುಂಬಿ. ಇಂಗ್ಲಿಷಿನಲ್ಲಿ ಹೆಸರು ಒಂದೇ ಆದ್ದರಿಂದ ಸಾರಾಂಶದಲ್ಲಿ ಎರಡರ ಜೀವನಚಕ್ರ ಬೆರೆತು ಬರಬಹುದು. ನಮ್ಮ ಕೊರಕ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಉತ್ತರದಲ್ಲಿ ಬೇರೆ ತಿಂಗಳಿದ್ದರೆ ಅದು ನಿಮ್ಮ ತೋಟದ ಹುಳದ ಮಾತಲ್ಲ.

ಕನ್ನಡದಲ್ಲಿ ಕೇಳಿದರೂ ಇಂಥದ್ದೇ ಒಂದು ಗುಂಡಿ ಕಾದಿದೆ. 'ಕೊಳೆರೋಗ' ಅಡಿಕೆಗೂ ಉಂಟು, ಕಾಫಿಗೂ ಉಂಟು, ಎರಡೂ ಮಳೆಗಾಲದವು. ಅಡಿಕೆಯದು ಫೈಟೊಫ್ತೊರಾ. ಕಾಫಿಯದು ಬೇರೆ ಶಿಲೀಂಧ್ರ, ಅದರ ವೈಜ್ಞಾನಿಕ ಹೆಸರೇ ಕೊಳೆರೋಗ ನಾಕ್ಸಿಯಾ. ನಮ್ಮ ಪದವೇ ಲ್ಯಾಟಿನ್ ವೇಷ ಹಾಕಿಕೊಂಡು ಹೋಗಿದೆ. ಕಾಫಿಯಲ್ಲಿ ಕಪ್ಪಾದ ಎಲೆ ಕಳಚಿದರೂ ಶಿಲೀಂಧ್ರದ ಎಳೆಗೆ ಅಂಟಿಕೊಂಡು ರೆಂಬೆಯಲ್ಲೇ ಜೋತಾಡುತ್ತದೆ. ಆ ಜೋತಾಟ ಫೋಟೊದಲ್ಲಿ ಸಿಗಬೇಕು. ಬೆಳೆಯ ಹೆಸರು ಬರೆಯದೆ ಕೊಳೆರೋಗ ಎಂದಷ್ಟೇ ಕೇಳಿದರೆ ಅಡಿಕೆಯ ಉತ್ತರ ಬರುವ ಸಂಭವವೇ ಜಾಸ್ತಿ.

ಮದ್ದು ಕೇಳುವಾಗ

ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಇರಲಿ: ಬೆಳೆ ಮತ್ತು ತಳಿ, ಜಿಲ್ಲೆ, ತಿಂಗಳು, ಬೇಕಾದ ಅಳತೆ. 'ಕಾಫಿ ಎಲೆ ರೋಗಕ್ಕೆ ಏನು ಮಾಡಬೇಕು' ಅನ್ನುವ ಬದಲು 'ಚಿಕ್ಕಮಗಳೂರು, ನೆರಳಿನಡಿಯ ಅರೇಬಿಕಾ ಎಸ್ 795, ಎಲೆ ತುಕ್ಕು, ಮುಂಗಾರು ಮುನ್ನ, 200 ಲೀಟರ್ ಬ್ಯಾರೆಲ್‌ಗೆ ಎಷ್ಟು' ಎಂದು ಕೇಳಿ. ನೆರಳಿನ ಮಾತು ಹಾಕಲೇಬೇಕು. ಬ್ರೆಜಿಲ್‌ನಲ್ಲಿ ಕಾಫಿ ಬಹುಮಟ್ಟಿಗೆ ಬಯಲು ಬಿಸಿಲಲ್ಲಿ ಬೆಳೆಯುತ್ತದೆ, ನಮ್ಮಲ್ಲಿ ಸಿಲ್ವರ್ ಓಕ್, ಹಾಲುವಾಣದ ಅಡಿಯಲ್ಲಿ. ಅಲ್ಲಿ ಕೊಯ್ಲು ಮೇಯಿಂದ ಸೆಪ್ಟೆಂಬರ್, ಇಲ್ಲಿ ನವೆಂಬರ್‌ನಿಂದ ಫೆಬ್ರವರಿ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ಮಾತೇ ಇಲ್ಲದೆ ಜುಲೈನಲ್ಲಿ ಹಣ್ಣು ಕೊಯ್ಯಲು ಹೇಳುವ ಉತ್ತರ ಬಂದರೆ ಅದು ಎಲ್ಲಿಯದು ಎಂದು ಕೇಳಬೇಕಾಗಿಲ್ಲ.

ಧ್ವನಿಯಲ್ಲಿ ಕೇಳುವವರು ಗೂಗಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಭಾಷೆಯಾಗಿ ಕನ್ನಡ ಆರಿಸಿಕೊಳ್ಳಿ. ಹೇಳಿದ ಮೇಲೆ ಪರದೆಯಲ್ಲಿ ಬಂದ ವಾಕ್ಯ ಓದಿ. ತಳಿಯ ಸಂಖ್ಯೆ, ಔಷಧದ ಹೆಸರು ತಪ್ಪಾಗುವುದು ಹೆಚ್ಚು.

ಉತ್ತರ ಬಂತು. ಈಗ ಲೆಕ್ಕ ಮಾಡಿ ನೋಡಿ. ಬೋರ್ಡೊ ದ್ರಾವಣವನ್ನೇ ತೆಗೆದುಕೊಳ್ಳಿ. ಶೇ. 1ರ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಅಡಿಕೆಯ ಕೊಳೆಗೆ ಹೊಡೆಯುವುದು ಇದು. ಕಾಫಿಯ ತುಕ್ಕಿಗೆ ಶೇ. 0.5, ಅಂದರೆ ಅರ್ಧ. 200 ಲೀಟರ್ ಬ್ಯಾರೆಲ್‌ಗೆ ಅಡಿಕೆಗಾದರೆ ಎರಡೆರಡು ಕಿಲೊ, ಕಾಫಿಗಾದರೆ ಒಂದೊಂದು ಕಿಲೊ. ಎಐ ಕೊಟ್ಟ ಅಂಕಿ ಇದಕ್ಕೆ ಹೊಂದದಿದ್ದರೆ, ಅದು ಎರಡು ಬೆಳೆಯ ಪುಟಗಳನ್ನು ಬೆರೆಸಿದೆ ಅಥವಾ ಗ್ಯಾಲನ್ನಿನಿಂದ ಲೀಟರಿಗೆ ಬರುವಾಗ ಎಡವಿದೆ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546, ಹೆಕ್ಟೇರಿಗೆ ಕೊಟ್ಟಿದ್ದರೆ 2.47ರಿಂದ ಭಾಗಿಸಿದರೆ ಎಕರೆ ಲೆಕ್ಕ. ದ್ರಾವಣ ತಯಾರಾದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುವ ಹಳೆ ಪರೀಕ್ಷೆ ಇದ್ದೇ ಇದೆ: ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು.

ಅಳತೆಗಿಂತ ಅಪಾಯದ್ದು ಹಳೆಯ ಪುಟ. ಕಾಂಡ ಕೊರಕಕ್ಕೆ ಲಿಂಡೇನ್ ಬಳಿಯಿರಿ ಎನ್ನುವ, ಬೆರ್ರಿ ಬೋರರ್‌ಗೆ (ಕಾಯಿ ಕೊರಕಕ್ಕೆ) ಎಂಡೋಸಲ್ಫಾನ್ ಹೊಡೆಯಿರಿ ಎನ್ನುವ ಲೇಖನಗಳು ಜಾಲದಲ್ಲಿ ಹಾಗೇ ಉಳಿದಿವೆ, ಒಂದು ಕಾಲಕ್ಕೆ ಅದು ಅಧಿಕೃತ ಶಿಫಾರಸೇ ಆಗಿತ್ತು. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ 2011ರಲ್ಲಿ ತಡೆ ಹಾಕಿತು. ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಯಂತ್ರಕ್ಕೆ ಪುಟದ ಪ್ರಾಯ ಯಾವಾಗಲೂ ಲೆಕ್ಕಕ್ಕೆ ಬರುವುದಿಲ್ಲ. ಮದ್ದಿನ ಹೆಸರು ಸಿಕ್ಕ ಕೂಡಲೇ ಅದರ ಮುಂದೆ 'ಭಾರತದಲ್ಲಿ ನಿಷೇಧ' ಎಂದು ಬರೆದು ಪ್ರತ್ಯೇಕವಾಗಿ ಒಮ್ಮೆ ಹುಡುಕಿ. ಇದನ್ನು ಬಿಡಲೇಬೇಡಿ.

ಸಾರಾಂಶದ ಬದಿಯಲ್ಲಿರುವ ಕೊಂಡಿಯ ಗುರುತು ಒತ್ತಿದರೆ ಮೂಲ ಪುಟ ತೆರೆಯುತ್ತದೆ. ಆ ವಾಕ್ಯ ಅಲ್ಲಿ ನಿಜಕ್ಕೂ ಇದೆಯೇ ನೋಡಿ. 'ಇದು ಖಚಿತವೇ?' ಎಂದು ಎಐಯನ್ನೇ ಕೇಳುವುದರಿಂದ ಪ್ರಯೋಜನ ಕಡಿಮೆ. ಸರಿಯಿದ್ದದ್ದನ್ನೂ ಬದಲಾಯಿಸಿ ಕ್ಷಮೆ ಕೇಳಿಬಿಡುತ್ತದೆ. ಸಾರಾಂಶವೇ ಬೇಡವೆಂದರೆ ಫಲಿತಾಂಶದ ಮೇಲಿನ ಸಾಲಿನಲ್ಲಿ, ಅಥವಾ 'ಇನ್ನಷ್ಟು' ಒಳಗೆ, 'ವೆಬ್' ಆರಿಸಿ: ಹಳೆ ಕಾಲದ ಬರೀ ಕೊಂಡಿಗಳು ಬರುತ್ತವೆ. ಸರ್ಕಾರಿ ಪುಟಗಳಷ್ಟೇ ಬೇಕಿದ್ದರೆ 'ಸೈಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ 'ಜಿಒವಿ ಡಾಟ್ ಇನ್' ಸೇರಿಸಿ (site:gov.in). ಕಾಫಿ ಮಂಡಳಿಯ, ಕೃಷಿ ಇಲಾಖೆಯ ಪುಟಗಳು ಉಳಿದುಕೊಳ್ಳುತ್ತವೆ.

ಇಷ್ಟಾದರೂ ಅನುಮಾನ ಉಳಿದರೆ, 1925ರಿಂದ ಬಾಳೆಹೊನ್ನೂರಿನಲ್ಲಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ, ಮೂಡಿಗೆರೆಯಲ್ಲೂ ಹಾಸನದ ಕಂದಲಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ನೀವು ತೆಗೆದ ಮೂರು ಫೋಟೊ ಅಲ್ಲೂ ಕೆಲಸಕ್ಕೆ ಬರುತ್ತವೆ.

ರೇಟು ಕೇಳುವಾಗ

'ಚಿಕ್ಕಮಗಳೂರು ಎಸಿ ರೇಟ್' ಎಂದು ಬರೆದರೆ ಗೋಡೆಗೆ ಹಾಕುವ ಎಸಿ ಬರಬಹುದು, 'ಎಪಿ' ಎಂದರೆ ಆಂಧ್ರ. 'ಅರೇಬಿಕಾ ಚೆರಿ' (ಎಸಿ, ಸಿಪ್ಪೆ ಸಮೇತ ಒಣಗಿಸಿದ ಹಣ್ಣು), 'ಅರೇಬಿಕಾ ಪಾರ್ಚ್‌ಮೆಂಟ್' (ಎಪಿ, ತಿರುಳು ತೆಗೆದು ಹೊಟ್ಟು ಸಮೇತ ಒಣಗಿಸಿದ ಬೀಜ), 'ರೋಬಸ್ಟಾ ಚೆರಿ' ಎಂದು ಪೂರ್ತಿ ಬರೆದು, '50 ಕಿಲೊ ಮೂಟೆ' ಸೇರಿಸಿ.

ಎಐ ಸಾರಾಂಶ ಇಲ್ಲಿ ಎಡವುವುದು ಅಳತೆಯಲ್ಲಿ. ನ್ಯೂಯಾರ್ಕ್‌ನಲ್ಲಿ ಅರೇಬಿಕಾಗೆ ದರ ಪೌಂಡಿಗೆ ಇಷ್ಟು ಸೆಂಟ್, ಲಂಡನ್‌ನಲ್ಲಿ ರೋಬಸ್ಟಾಗೆ ಟನ್ನಿಗೆ ಇಷ್ಟು ಡಾಲರ್. ಲೆಕ್ಕಕ್ಕೆಂದು ಲಂಡನ್ ದರ 4,000 ಡಾಲರ್ ಎಂದಿಟ್ಟುಕೊಳ್ಳಿ. ಕಿಲೊಗೆ 4 ಡಾಲರ್, 50 ಕಿಲೊಗೆ 200. ಇದನ್ನು ರೂಪಾಯಿಗೆ ತಿರುಗಿಸಿ 'ನಿಮ್ಮ ಮೂಟೆಗೆ ಇಷ್ಟು ಸಿಗಬೇಕು' ಎಂದು ಎಐ ಹೇಳಿಬಿಟ್ಟರೆ ಮೋಸ ಹೋದಂತೆ. ಆ ದರ ಸಿಪ್ಪೆ ತೆಗೆದ ಬೀಜದ್ದು. ನಿಮ್ಮ ಕಣದಲ್ಲಿ ಒಣಗಿದ ಚೆರಿಯ ಓ.ಟಿ. (ಔಟ್‌ಟರ್ನ್, ಬೀಜದ ಇಳುವರಿ) 27 ಎಂದರೆ 50 ಕಿಲೊ ಮೂಟೆಯಲ್ಲಿ ಬೀಜ 27 ಕಿಲೊ ಮಾತ್ರ: 27 ಗುಣಿಸು 4, 108 ಡಾಲರ್. ಸಂಸ್ಕರಣೆಯ ಖರ್ಚು, ವ್ಯಾಪಾರಿಯ ಪಾಲು ಕಳೆಯುವುದು ಇನ್ನೂ ಬಾಕಿ. ಅರೇಬಿಕಾದಲ್ಲಿ 50 ಕಿಲೊ ಎಂದರೆ 110.23 ಪೌಂಡ್, 300 ಸೆಂಟ್ ದರವಿದ್ದರೆ ಸುಮಾರು 331 ಡಾಲರ್, ಅದೂ ಬೀಜಕ್ಕೆ, ಪಾರ್ಚ್‌ಮೆಂಟ್‌ನ ಹೊಟ್ಟು ಕಳೆದ ಮೇಲೆ. ಎಐಗೆ ಕೇಳುವುದಾದರೆ ಓ.ಟಿ. ಅಂಕಿಯನ್ನು ನೀವೇ ಕೊಟ್ಟು ಕೇಳಿ.

ಬೇಲೂರಿನ ಶಿಲ್ಪ, ಹಲ್ಮಿಡಿಯ ಅಕ್ಷರ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯದೋ ಅಮೃತಾಪುರದ್ದೋ ಶಿಲ್ಪದ ಫೋಟೊ ಕೊಟ್ಟರೂ ಲೆನ್ಸ್ 'ಬೇಲೂರು' ಅಥವಾ 'ಹಳೇಬೀಡು' ಎನ್ನುವುದುಂಟು. ಜಾಲದಲ್ಲಿ ಯಾವ ಗುಡಿಯ ಚಿತ್ರ ರಾಶಿ ಬಿದ್ದಿದೆಯೋ ಉತ್ತರ ಅತ್ತ ವಾಲುತ್ತದೆ. ಬರೀ ಶಿಲ್ಪದ ಬದಲು ಗೋಪುರವೋ ಕಂಬವೋ ಸೇರಿದ ಇನ್ನೊಂದು ಚಿತ್ರವನ್ನೂ ಕೊಡಿ, ಊರಿನ ಹೆಸರು ಬರೆಯಿರಿ. ಬೇಲೂರಿನ ಮದನಿಕೆಯರು ಸೂರಿನಡಿ ಎತ್ತರದಲ್ಲಿದ್ದಾರೆ; ಬೆರಳಿನಿಂದ ಹಿಗ್ಗಿಸಿದ ಜೂಮ್‌ಗಿಂತ ಫೋನಿನ 2 ಪಟ್ಟು ಅಥವಾ 3 ಪಟ್ಟು ಲೆನ್ಸ್ ಬಳಸಿ. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಬಳಪದ ಕಲ್ಲಿನ ಕೆತ್ತನೆ ಎದ್ದು ಕಾಣುತ್ತದೆ. ನಡುಹಗಲಿಗೆ ಸೂರಿನ ನೆರಳು ಎಲ್ಲವನ್ನೂ ನುಂಗುತ್ತದೆ.

ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ. 2014ರಿಂದ ಸಂಭಾವ್ಯ ಪಟ್ಟಿಯಲ್ಲಿದ್ದವು, ಹಾಗಾಗಿ ಆ ಒಂಬತ್ತು ವರ್ಷದ ಪುಟಗಳನ್ನು ಓದಿದ ಯಂತ್ರ 'ಇನ್ನೂ ಸಂಭಾವ್ಯ' ಎಂದರೆ ನಂಬಬೇಡಿ.

ಶಾಸನವನ್ನು ಲೆನ್ಸ್‌ನಿಂದ ಓದಿಸುವ ಆಸೆ ಮಾತ್ರ ಸದ್ಯಕ್ಕೆ ಬಿಡಿ. ಇಂದಿನ ಅಚ್ಚಿನ ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ. ಹೊಯ್ಸಳರ ಕಾಲದ ಅಕ್ಷರ ಕೊಟ್ಟರೆ ಹೋಲಿಕೆಯ ಮೇಲೆ ಏನೋ ಜೋಡಿಸಿ ಕೊಡುತ್ತದೆ, ಅರ್ಥವನ್ನೂ ಸೇರಿಸಿ. ಅದರ ಬದಲು ಶಾಸನ ಇರುವ ಊರಿನ ಹೆಸರು ಹಿಡಿದು ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹುಡುಕಿ: ಬಿ.ಎಲ್. ರೈಸ್ ಕಾಲದ ಆವೃತ್ತಿಯಲ್ಲಿ ಹಾಸನ ಜಿಲ್ಲೆ 5ನೆಯ ಸಂಪುಟ, ಅಂದಿನ ಕಡೂರು ಜಿಲ್ಲೆ (ಇಂದಿನ ಚಿಕ್ಕಮಗಳೂರು) 6ನೆಯದು, ಎರಡೂ ಜಾಲದಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ಇನ್ನು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ನೀವು ಫೋಟೊ ತೆಗೆಯುವುದು ಪ್ರತಿಕೃತಿಯದು, ಮೂಲ ಕಲ್ಲು ಮೈಸೂರಿನಲ್ಲಿದೆ.

ಘಾಟಿ ಬಂದ್ ಆಗಿದೆಯಾ?

ಇದನ್ನು ಎಐ ಮೋಡ್‌ನಲ್ಲಿ ಕೇಳಲೇಬೇಡಿ. ಶಿರಾಡಿ, ಚಾರ್ಮಾಡಿಯ ಗುಡ್ಡ ಕುಸಿತದ ಸುದ್ದಿ ಪ್ರತಿ ಮಳೆಗಾಲವೂ ಒಂದೇ ಪದಗಳಲ್ಲಿ ಬರುತ್ತದೆ, ಹೋದ ವರ್ಷದ್ದು ಯಾವುದು ಈ ಸಂಜೆಯದು ಯಾವುದು ಎಂದು ಸಾರಾಂಶದಲ್ಲಿ ತಿಳಿಯುವುದಿಲ್ಲ. ಸುದ್ದಿ ವಿಭಾಗಕ್ಕೆ ಹೋಗಿ, ಹುಡುಕಾಟದ ಟೂಲ್ಸ್‌ನಲ್ಲಿ 'ಕಳೆದ 24 ಗಂಟೆ' ಆರಿಸಿ. ಪುಟದಲ್ಲಿ ಶಿರಾಡಿಗೆ ಹೆದ್ದಾರಿ 48, ಚಾರ್ಮಾಡಿಗೆ 234 ಎಂದಿದ್ದರೆ ಅದು ಹಳೆಯ ಸಂಖ್ಯೆ; ಈಗಿನವು 75 ಮತ್ತು 73. ಸುದ್ದಿಯೇ ಸಿಗದಿದ್ದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077.

ಆನೆಯ ವಿಡಿಯೊ ಬಂದರೆ

ಸಕಲೇಶಪುರ, ಆಲೂರು ಕಡೆಯ ಗುಂಪುಗಳಲ್ಲಿ 'ಈಗಷ್ಟೇ ನಮ್ಮೂರಿನ ಬಸ್‌ಸ್ಟ್ಯಾಂಡ್ ಹತ್ತಿರ' ಎಂದು ಬರುವ ವಿಡಿಯೊವನ್ನು ಮುಂದೆ ಕಳಿಸುವ ಮೊದಲು, ಅಂಗಡಿ ಬೋರ್ಡೋ ವಾಹನವೋ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಆನೆಯನ್ನು ಚೌಕದೊಳಗೆ ತಂದರೆ ಲೋಕದ ಆನೆಗಳೆಲ್ಲ ಬರುತ್ತವೆ, ಹಿನ್ನೆಲೆಯನ್ನು ತನ್ನಿ. ಲೆನ್ಸ್‌ನಲ್ಲಿ 'ನಿಖರ ಹೊಂದಿಕೆ' ನೋಡಿ, ಅತಿ ಹಳೆಯ ದಿನಾಂಕದ ಪುಟ ತೆರೆಯಿರಿ. ಬೋರ್ಡಿನ ಲಿಪಿ ಮಲಯಾಳವೋ ಒಡಿಯಾವೋ ಆಗಿದ್ದರೆ ಅನುವಾದ ಗುಂಡಿ ಒತ್ತಿದಾಗ ಊರಿನ ಹೆಸರೇ ಸಿಗಬಹುದು.

ಇದೇ ಕ್ಯಾಮೆರಾಕ್ಕೆ ಆಧಾರ್, ಪಾಸ್‌ಬುಕ್, ಪಹಣಿ ತೋರಿಸಬೇಡಿ. ಗೂಗಲ್ ಖಾತೆಯ 'ವೆಬ್ ಮತ್ತು ಆ್ಯಪ್ ಚಟುವಟಿಕೆ' ಒಳಗೆ ದೃಶ್ಯ ಹುಡುಕಾಟದ ಇತಿಹಾಸ ಉಳಿಸುವ ಗುರುತು ಇದೆ, ಬೇಡವೆಂದರೆ ತೆಗೆಯಿರಿ. ಗ್ಯಾಸ್, ಬ್ಯಾಂಕು, ಕೊರಿಯರ್‌ನ ಕಸ್ಟಮರ್ ಕೇರ್ ನಂಬರನ್ನು ಸಾರಾಂಶದಿಂದ ಎತ್ತಿ ಕರೆ ಮಾಡಬೇಡಿ. ಮೋಸದ ನಂಬರುಗಳನ್ನು ಜಾಲದ ತುಂಬ ಬಿತ್ತುವವರಿದ್ದಾರೆ, ಯಂತ್ರ ಅದನ್ನೂ ಆರಿಸಿಕೊಳ್ಳಬಹುದು. ನಂಬರ್ ಬೇಕಿದ್ದರೆ ಪಾಸ್‌ಬುಕ್ಕಿನ ಹಿಂಬದಿಯಲ್ಲೋ ಬಿಲ್ಲಿನ ಮೇಲೋ ಅಚ್ಚಾಗಿರುತ್ತದೆ, ಅಲ್ಲಿಂದ ನೋಡಿ ಒತ್ತಿ.